ಜಗುಲಿಯ ಪೆಟ್ಟಿಗೆ

ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಅದು ಮೊದಲು ಕೂರುವುದು ಜಗುಲಿಯಲ್ಲಿ. ನಾನು ಸೊಸೆಯಾಗಿ ಬರುವುದಕ್ಕೆ ಮೊದಲಿನಿಂದಲೂ ನಡೆದುಬಂದ ಪದ್ಧತಿ ಇದು. ಮಾವನವರ ಕಾಲದ ರೇಡಿಯೋ ಜಗುಲಿಯ ಗೂಡಿನಲ್ಲಿತ್ತು. ವಾರ್ತೆ ಕೇಳುತ್ತಿದ್ದವರು ಗಂಡಸರು. ಅಡಿಗೆಮನೆಗೆ ತಲುಪುತ್ತಿದ್ದುದು ಅದರ ಗೊರಗೊರ ಸದ್ದು ಮಾತ್ರ. 1996ರಲ್ಲಿ ಟೆಲಿಫೋನು ಬಂತು. ಆಗಿನ್ನೂ ಬಿ.ಎಸ್.ಎನ್.ಎಲ್. ಎಂಬ ಹೆಸರಿರಲಿಲ್ಲ, ಅದು ಹುಟ್ಟಿದ್ದು 2000ದ ಅಕ್ಟೋಬರಿನಲ್ಲಿ. ಟೆಲಿಫೋನ್ ಇಲಾಖೆಯವರು ಜಗುಲಿಯ ಕಂಬಕ್ಕೆ ತಂತಿ ಸುತ್ತಿ, ಅಲ್ಲೇ ಫೋನಿಟ್ಟು ಹೋದರು. ಅದು ಟ್ರಿಣ್ ಎಂದರೆ ನಾನು ಒಲೆಯ ಮೇಲಿನ ಹಾಲು ಬಿಟ್ಟು, ನಾಲ್ಕು ಹೊಸ್ತಿಲು ದಾಟಿ ಓಡಿ ಬರಬೇಕು. ಬರುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಟ್ಟಿರುತ್ತಿದ್ದರು, ಈ ಕಡೆ ಹಾಲು ಉಕ್ಕಿರುತ್ತಿತ್ತು. ತವರಿನಿಂದ ಫೋನು ಬಂದರಂತೂ ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತ ನಾಲ್ಕು ಜನರ ಮುಂದೆ ನಿಂತು ‘ಹೂಂ, ಚೆನ್ನಾಗಿದೀನಿ’ ಎನ್ನುವುದಕ್ಕಿಂತ ಹೆಚ್ಚೇನು ಹೇಳಲು ಸಾಧ್ಯ, ನೀವೇ ಹೇಳಿ.

ಹಾಗಾಗಿ 2021ರಲ್ಲಿ ಫೈಬರ್ ಇಂಟರ್ನೆಟ್ ಹಾಕುವ ಹುಡುಗ ಕಂಬದಿಂದ ಕಂಬಕ್ಕೆ ಕಪ್ಪು ದಾರದಂಥ ಕೇಬಲ್ ಎಳೆದುಕೊಂಡು ಬಂದು, ‘ಪೆಟ್ಟಿಗೆ ಎಲ್ಲಿಡ್ಲಿ ಅಕ್ಕಾ?’ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ‘ಇಲ್ಲೇ, ಜಗುಲಿಯಲ್ಲೇ’ ಎಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಹಳೆಯ ಫೋನಿದ್ದ ಮೊಳೆಗೇ ಅದು ನೇತುಬಿತ್ತು. ನಾನೂ ಏನು ಕಡಿಮೆಯೇ? ಹಿಂದೆ ಟಿ.ವಿ.ಗೆ, ಮಿಕ್ಸಿಗೆಲ್ಲ ಹಾಕಿದ್ದೆನಲ್ಲ, ಹಾಗೆ ಅದಕ್ಕೂ ಒಂದು ಕ್ರೋಷಾ ಹೊದಿಕೆ ಹೆಣೆದು ತೊಡಿಸಿದೆ. ಬಟ್ಟೆಯಿಂದ ಅಲೆಗಳಿಗೇನೂ ಅಡ್ಡಿಯಿಲ್ಲವಂತೆ, ಆದರೆ ಪೆಟ್ಟಿಗೆಗೆ ಸೆಕೆಯಾಗುತ್ತದಂತೆ. ಮಗಳು ಬಂದವಳೇ ನಕ್ಕು ಅದನ್ನು ಕಿತ್ತು ನನ್ನ ಕೈಗಿಟ್ಟಳು.

ಇಂಟರ್ನೆಟ್ ಬೇಕೆಂದು ನಾವು ಹಂಬಲಿಸಿದ್ದು ಸುಮ್ಮನೆ ಅಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ, ಜುಲೈಯಿಂದ ಚಂದನ ಟಿ.ವಿ.ಯಲ್ಲಿ ಹೈಸ್ಕೂಲು ಮಕ್ಕಳಿಗೆ ‘ಸಂವೇದ’ ಪಾಠಗಳೇನೋ ಬಂದವು. ಆದರೆ ಕಾಲೇಜಿನವರದು ಫೋನಿನಲ್ಲೇ ಪಾಠ. ನಮ್ಮ ಅಂಬ್ಲಿಗೊಳದಲ್ಲಿ ಮನೆಯೊಳಗೆ ಕೂತರೆ ಫೋನಿಗೆ ಜೀವವೇ ಇರುತ್ತಿರಲಿಲ್ಲ. ಜಲಾಶಯದ ಏರಿಯ ಮೇಲೆ ಹೋಗಿ ನಿಂತರೆ ಎರಡು ಗೆರೆ. ಮಳೆಗಾಲದಲ್ಲಿ ಕೊಡೆ ಹಿಡಿದು ಏರಿಯ ಮೇಲೆ ಸಾಲಾಗಿ ನಿಂತ ಮಕ್ಕಳನ್ನು ಕಂಡರೆ ಕೊಕ್ಕರೆಗಳ ನೆನಪಾಗುತ್ತಿತ್ತು. ಅದೇ ಸುಮಾರಿಗೆ ಪಕ್ಕದ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ’ ಎಂದು ಜನ ಬೋರ್ಡು ಹಿಡಿದದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಅಂಥದ್ದರಲ್ಲಿ ನಮ್ಮ ಜಗುಲಿಗೇ ಅದು ಬಂದು ಕೂತಾಗ ಹಬ್ಬವಾಗದೆ ಇದ್ದೀತೆ?

ಹಬ್ಬ ಜಗುಲಿಗಷ್ಟೇ ಎಂಬುದು ಗೊತ್ತಾಗಲು ಒಂದು ವಾರ ಹಿಡಿಯಿತು.

ನಮ್ಮ ಮನೆಯ ವಿನ್ಯಾಸವನ್ನು ಸ್ವಲ್ಪ ಹೇಳಬೇಕು. ಅಗಲ ಕಡಿಮೆ, ಉದ್ದ ಜಾಸ್ತಿ. ಜಗುಲಿ, ಪಡಸಾಲೆ, ನಡುಮನೆ, ದೇವರ ಕೋಣೆ, ಅಡಿಗೆಮನೆ, ಅದರ ಬಗಲಿಗೆ ಬಚ್ಚಲು, ಎಲ್ಲಕ್ಕಿಂತ ಹಿಂದೆ ಬಾಣಂತಿ ಕೋಣೆ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಗೋಡೆಗಳು ಎರಡಡಿ ದಪ್ಪದ ಮಣ್ಣಿನವು. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ ಎಂದು ನೋಡಿದವರೆಲ್ಲ ಹೊಗಳುತ್ತಾರೆ. ಆ ಬಾಣಂತಿ ಕೋಣೆಗಂತೂ ಒಂದೇ ಒಂದು ಚಿಕ್ಕ ಕಿಟಕಿ. ಹಸಿಬಾಣಂತಿಗೆ ಗಾಳಿ ಸೋಕಬಾರದೆಂದು ಕಟ್ಟಿದ್ದು. ಗಾಳಿಯೇ ಒಳಗೆ ಬಾರದ ಕಡೆ ವೈಫೈ ಹೇಗೆ ಬಂದೀತು?

ಒಂದು ಸಂಜೆ ಕೂತು ಪೆಟ್ಟಿಗೆಗೆ ಜೋತುಬಿದ್ದವರ ಲೆಕ್ಕ ಹಾಕಿದೆ. ನಮ್ಮವರ ಎರಡು ಫೋನು, ನನ್ನದೊಂದು, ಮೈದುನ ಮತ್ತು ಓರಗಿತ್ತಿಯದು ಒಂದೊಂದು, ಅತ್ತೆಯದೊಂದು, ಮಗನದು, ಮಗಳದು. ಮಗಳ ಆಫೀಸಿನ ಲ್ಯಾಪ್‌ಟಾಪು, ಮಗನ ಹಳೆಯ ಲ್ಯಾಪ್‌ಟಾಪು. ಟಿ.ವಿ. ಅಡಿಕೆ ಕಳ್ಳರ ಹೆದರಿಕೆಗೆ ಅಂಗಳಕ್ಕೆ ಹಾಕಿಸಿದ ಎರಡು ಕ್ಯಾಮೆರಾ. ಮಗನ ಕೈಗಡಿಯಾರಕ್ಕೂ ಇಂಟರ್ನೆಟ್ ಬೇಕಂತೆ! ಒಟ್ಟು ಹದಿನಾಲ್ಕು. ಇದಲ್ಲದೆ ಜಗುಲಿಯಲ್ಲಿ ಕೂತು ಪಾಸ್‌ವರ್ಡ್ ಕೇಳಿ ಪಡೆದ ನೆರೆಮನೆಯ ಮಕ್ಕಳು ಮೂವರು. ಹದಿನೇಳು ಜನರ ಪಂಕ್ತಿ ಎಂದಿಟ್ಟುಕೊಳ್ಳಿ. ಬಡಿಸುವವಳು ಒಬ್ಬಳೇ, ಅವಳೂ ಜಗುಲಿಯಲ್ಲೇ ನಿಂತು ಬಡಿಸುತ್ತಾಳೆ. ಹಿಂದಿನ ಸಾಲಿನವರ ಎಲೆಗೆ ಏನು ಬಿದ್ದೀತು?

ನನಗೆ ಅದರಿಂದ ಆದ ತೊಂದರೆ ದೊಡ್ಡದೇನಲ್ಲ. ಅಡಿಗೆ ಮಾಡುತ್ತ ಹಾಡು ಕೇಳೋಣವೆಂದರೆ ಪಲ್ಲವಿಗೇ ನಿಂತುಬಿಡುತ್ತಿತ್ತು, ಅಷ್ಟೆ. ಹೆಂಗಸರ ಇಂಥ ತೊಂದರೆಗಳನ್ನು ಯಾರೂ ತೊಂದರೆ ಎಂದು ಬರೆದಿಡುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ 2022ರ ಆಷಾಢದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಎಂಬತ್ತೆರಡರ ಜೀವ, ಮತ್ತೆ ಮೊದಲಿನಂತೆ ಓಡಾಡಲಿಲ್ಲ. ಬಚ್ಚಲು ಹತ್ತಿರ, ಅಡಿಗೆಮನೆಯಿಂದ ನಾನು ಕೂಗಿದರೆ ಕೇಳುವಷ್ಟು ಸಮೀಪ ಎಂದು ಅವರ ಮಂಚ ಬಾಣಂತಿ ಕೋಣೆಗೆ ಬಂತು.

ಅತ್ತೆಗೆ ಸೊರಬದ ಕಡೆ ಒಬ್ಬ ಅಕ್ಕ ಇದ್ದಾರೆ. ಅತ್ತೆಗಿಂತ ನಾಲ್ಕು ವರ್ಷ ದೊಡ್ಡವರು, ಅವರೂ ಮಂಚ ಬಿಟ್ಟು ಏಳುವುದಿಲ್ಲ. ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋದರೆ ಅರ್ಧ ದಿನವೂ ಬೇಡ. ಆದರೆ ಇಬ್ಬರಿಗೂ ಅದೀಗ ಕಾಶಿಯಷ್ಟು ದೂರ. ಹೀಗಾಗಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ವಿಡಿಯೋ ಕಾಲ್. ‘ಅಕ್ಕಯ್ಯಾ, ಕಾಣ್ತಾ?’ ಎಂದು ಇವರು, ‘ನಿನ್ನ ಮೂಗು ಮಾತ್ರ ಕಾಣ್ತದೆ’ ಎಂದು ಅವರು. ಬಾಗಿಲು ಹಾಕಿದರೆ ಇದ್ದ ಒಂದು ಗೆರೆಯೂ ಹೋಗುತ್ತಿತ್ತು. ಅದಕ್ಕೆ ಬಾಗಿಲು ಪೂರ್ತಿ ತೆರೆದು, ಅತ್ತೆಯ ಮಂಚವನ್ನು ಬಾಗಿಲಿಗೆ ನೇರ ಎಳೆದು, ಫೋನನ್ನು ಅಡಿಗೆಮನೆಯ ಕಡೆಗೆ ಹಿಡಿದು ಮಾತಾಡಬೇಕು. ಅಕ್ಕತಂಗಿಯರ ಮಾತು ನನಗೆ, ಓರಗಿತ್ತಿಗೆ, ಪಾತ್ರೆ ತೊಳೆಯಲು ಬಂದವಳಿಗೆ, ಎಲ್ಲರಿಗೂ ಕೇಳುತ್ತಿತ್ತು. ನಾವಿದ್ದೇವೆಂದು ಅತ್ತೆ ಮಾತನ್ನು ಹುಣಸೆಹಣ್ಣು, ಮಳೆ, ಮಂಡಿನೋವಿಗಷ್ಟೇ ನಿಲ್ಲಿಸುತ್ತಿದ್ದರೆಂದು ನನಗೆ ತಿಳಿದದ್ದು ಆ ಒಂದು ದಿನ.

ಅಂದು ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಮದುವೆಗೆ ಹೋಗಿದ್ದರು. ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಬಂದಾಗ ಅತ್ತೆ ಅಕ್ಕನ ಜೊತೆ ಮಾತಾಡುತ್ತಿದ್ದುದು ಕೇಳಿಸಿತು. ಧ್ವನಿ ಎಂದಿನದಾಗಿರಲಿಲ್ಲ. ನಮ್ಮ ಮೈದುನ ಹುಟ್ಟಿದ್ದು ಇದೇ ಕೋಣೆಯಲ್ಲಿ, 1967ರಲ್ಲಿ. ಅತ್ತೆ ಹೆತ್ತು ಹನ್ನೊಂದನೆಯ ದಿನಕ್ಕೆ ಅವರ ತಾಯಿ ತೀರಿಕೊಂಡರಂತೆ. ಬಾಣಂತಿಗೆ ಹೇಳಬಾರದು, ಹಾಲು ಬತ್ತೀತು, ನಂಜಾದೀತು ಎಂದು ಎಲ್ಲರೂ ಸೇರಿ ಮುಚ್ಚಿಟ್ಟರಂತೆ. ನಲವತ್ತು ದಿನ ಕಳೆದ ಮೇಲೆ ಹೇಳಿದರಂತೆ. ‘ಹೇಳ್ಬೇಡಿ ಅಂದದ್ದು ನೀನೇ ಅಂತೆ ಅಕ್ಕಯ್ಯ. ನಾನು ದಿನಾ ಅಮ್ಮ ಯಾಕೆ ಬಂದಿಲ್ಲ, ಮಗು ನೋಡಕ್ಕೆ ಯಾಕೆ ಬಂದಿಲ್ಲ ಅಂತ ಈ ಕಿಟಕಿ ನೋಡ್ತಾ ಇದ್ದೆ. ಬಂದಿಲ್ಲ ಅಂತ ಅವಳ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಸತ್ತವಳ ಮೇಲೆ ಸಿಟ್ಟು ಮಾಡ್ಕೊಳೋ ಹಾಗೆ ಮಾಡಿದ್ಯಲ್ಲೇ.’

ನಾನು ಬಾಗಿಲ ಬಳಿ ಬಂದೆ. ಫೋನು ಅತ್ತೆಯ ಎದೆಯ ಮೇಲೆ ದಿಂಬಿಗೆ ಒರಗಿತ್ತು. ಅದರಲ್ಲಿ ದೊಡ್ಡವರ ಮುಖ ಸ್ವಲ್ಪ ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ, ಚಿತ್ರಪಟದ ಹಾಗೆ ನಿಂತಿತ್ತು. ಲೈನು ಎಷ್ಟು ಹೊತ್ತಿಗೆ ನಿಂತಿತ್ತೋ. ಪರದೆಯ ನಡುವೆ ಒಂದು ಬಿಳಿಯ ವೃತ್ತ ಗಿರಗಿರ ತಿರುಗುತ್ತಿತ್ತು. ಅತ್ತೆಗೆ ಕಣ್ಣು ಮಂಜು. ಅವರಿಗೆ ಅಕ್ಕ ಮಾತಾಡದೆ ಕೇಳುತ್ತ ಕೂತಿದ್ದಾರೆಂದೇ ಲೆಕ್ಕ. ಐವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವರು ಒಂದು ನಿಂತ ಚಿತ್ರಕ್ಕೆ ಹೇಳಿ ಮುಗಿಸಿದ್ದರು. ‘ಲೈನ್ ಕಟ್ ಆಗಿದೆ ಅತ್ತೆ’ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರು ನನ್ನನ್ನು ಕಂಡು ಸೆರಗಿನಿಂದ ಮೂಗೊರೆಸಿಕೊಂಡು, ‘ಅಕ್ಕಯ್ಯ ಏನೂ ಅನ್ಲಿಲ್ಲ’ ಎಂದರು.

ಆ ರಾತ್ರಿ ನಮ್ಮವರಿಗೆ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ, ಅತ್ತೆಯ ಕೋಣೆಗೆ ಇಂಟರ್ನೆಟ್ ಬರಲೇಬೇಕು ಎಂದಷ್ಟೇ ಹೇಳಿದೆ. ಅವರಿಗೆ ಸಮಸ್ಯೆ ಸುಲಭವಾಗಿ ಕಂಡಿತು. ಮಾರನೆಯ ದಿನವೇ ಐವತ್ತರ ಪ್ಲಾನು ತೆಗೆದು ನೂರರದು ಹಾಕಿಸಿದರು. ಟ್ಯಾಂಕಿಗೆ ದೊಡ್ಡ ಪೈಪಿನಲ್ಲಿ ನೀರು ಬಿಟ್ಟರೆ, ಕಟ್ಟಿಕೊಂಡ ಅಡಿಗೆಮನೆ ನಲ್ಲಿಯಲ್ಲಿ ನೀರು ಜೋರಾದೀತೆ? ಜಗುಲಿಯವರಿಗೆ ಸಿನಿಮಾ ಇನ್ನೂ ಚೆನ್ನಾಗಿ ಕಂಡಿತು. ಆಮೇಲೆ ಮೈದುನ ಶಿಕಾರಿಪುರದಿಂದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ‘ಬೂಸ್ಟರ್’ ಒಂದನ್ನು ತಂದ. ಅದನ್ನು ಬಾಣಂತಿ ಕೋಣೆಯಲ್ಲೇ ಸಿಕ್ಕಿಸಿದೆವು. ಫೋನಿನಲ್ಲಿ ಗೆರೆಗಳೇನೋ ತುಂಬಿ ಬಂದವು, ಮಾತು ಮಾತ್ರ ಮೊದಲಿನ ಹಾಗೇ ತುಂಡುತುಂಡು.

ಕಾರಣ ತಿಳಿದದ್ದು ಯುಗಾದಿಗೆ ಮಗಳು ಬಂದಾಗ. ಅವಳು ಫೋನಿಗೆ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು, ಸೀಮೆಸುಣ್ಣ ಹಿಡಿದು, ಜಗುಲಿಯಿಂದ ಹಿಂದಿನ ತನಕ ನಡೆದಳು. ಪ್ರತಿ ಕೋಣೆಯ ನೆಲದ ಮೇಲೆ ಒಂದು ಅಂಕಿ ಬರೆದಳು. ರಂಗೋಲಿ ಹಾಕಿದ ನೆಲದ ಮೇಲೆ ಇದೇನೇ ಎಂದು ಓರಗಿತ್ತಿ ಗೊಣಗಿದಳು. ಜಗುಲಿಯಲ್ಲಿ ಮೈನಸ್ 42, ನಡುಮನೆಯಲ್ಲಿ ಮೈನಸ್ 63, ಅಡಿಗೆಮನೆಯಲ್ಲಿ ಮೈನಸ್ 76, ಅತ್ತೆಯ ಮಂಚದ ಬಳಿ ಮೈನಸ್ 84. ಈ ಲೆಕ್ಕದಲ್ಲಿ ಹತ್ತು ಅಂಕಿ ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದಂತೆ. ಅಂದರೆ ಜಗುಲಿಯಲ್ಲಿರುವುದರ ಸುಮಾರು ಹದಿನಾರು ಸಾವಿರದಲ್ಲಿ ಒಂದು ಪಾಲು ಅತ್ತೆಗೆ. ಕೃಷ್ಣನ ಹೆಂಡಿರ ಲೆಕ್ಕ! ವಿಡಿಯೋದಲ್ಲಿ ತಡೆಯಿಲ್ಲದೆ ಮಾತಾಡಲು ಮೈನಸ್ 67ರಷ್ಟಾದರೂ ಇರಬೇಕಂತೆ.

‘ಇಷ್ಟೆಲ್ಲ ಎಲ್ಲಿ ಸೋರಿಹೋಯ್ತೇ?’ ಎಂದೆ. ಅವಳು ಒಂದೊಂದಾಗಿ ತೋರಿಸಿದಳು. ಪೆಟ್ಟಿಗೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಅದನ್ನು ಮನೆಯ ಒಂದು ತುದಿಗೆ ನೇತುಹಾಕಿದರೆ ಅರ್ಧ ಪಾಲು ಅಂಗಳಕ್ಕೆ, ರಸ್ತೆಗೆ, ದನಕರುಗಳಿಗೆ. ಉಳಿದರ್ಧಕ್ಕೆ ಎರಡಡಿಯ ಮಣ್ಣಿನ ಗೋಡೆಗಳು, ಮಳೆಗಾಲದಲ್ಲಿ ತೇವ ಹೀರಿದರೆ ಇನ್ನಷ್ಟು ಗಟ್ಟಿ ಅಡ್ಡಿ. ನೀರು ಈ ಅಲೆಗಳನ್ನು ಕುಡಿಯುತ್ತದೆ, ಲೋಹ ಹಿಂದಕ್ಕೆ ಹೊಡೆಯುತ್ತದೆ. ನಡುಮನೆಯಲ್ಲಿ ನನ್ನ ಮದುವೆಯ ಕಬ್ಬಿಣದ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಅಡಿಗೆಮನೆಯಲ್ಲಿ ಫ್ರಿಜ್ಜು, ಅಕ್ಕಿಯ ಡ್ರಮ್ಮು. ಕೊನೆಗೆ ಬಚ್ಚಲಲ್ಲಿ ನೀರು ತುಂಬಿದ ತಾಮ್ರದ ಹಂಡೆ: ನೀರೂ ಉಂಟು, ಲೋಹವೂ ಉಂಟು. ನಾನು ದಿನಾ ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸುತ್ತಿದ್ದ ಹಂಡೆಯೇ ಅತ್ತೆಯ ಮಾತಿಗೆ ಅಡ್ಡ ಕೂತಿತ್ತೆಂದರೆ!

ಅವಳು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿರುವಂಥ ಸಾಧಾರಣ ಪೆಟ್ಟಿಗೆ ಒಂದು ಹೊತ್ತಿಗೆ ಒಬ್ಬರೊಡನೆ ಮಾತ್ರ ಮಾತಾಡುತ್ತದೆ. ಸರದಿ ಬೇಗಬೇಗ ಬರುವುದರಿಂದ ಎಲ್ಲರೊಡನೆ ಒಟ್ಟಿಗೇ ಮಾತಾಡಿದಂತೆ ಕಾಣುತ್ತದೆ. ದೂರದಲ್ಲಿರುವ ಫೋನಿಗೆ ಸರಿಯಾಗಿ ಕೇಳಿಸದು. ಅದಕ್ಕೆ ನಿಧಾನವಾಗಿ, ಬಿಡಿಸಿ ಬಿಡಿಸಿ, ಎರಡೆರಡು ಸಲ ಹೇಳಬೇಕು. ಅಷ್ಟು ಹೊತ್ತು ಮಿಕ್ಕವರೆಲ್ಲ ಕಾಯಬೇಕು. ಅಂದರೆ ಅತ್ತೆಗೆ ಸಿಗ್ನಲ್ ಸಿಗದಿದ್ದರೆ ಅದು ಅತ್ತೆಯೊಬ್ಬರ ಕಷ್ಟವಲ್ಲ, ಜಗುಲಿಯವರ ಸಿನಿಮಾವೂ ಅದರಿಂದಲೇ ನಿಂತು ನಿಂತು ಬರುವುದು. ಇದನ್ನು ಕೇಳಿದ ಮೇಲೇ ನಮ್ಮವರು ಪೇಪರು ಕೆಳಗಿಟ್ಟು ‘ಹೌದಾ?’ ಎಂದದ್ದು. ಇನ್ನು ಬೂಸ್ಟರ್ ಎಂಬುದು ಕೇಳಿದ್ದನ್ನೇ ಮತ್ತೆ ಕೂಗಿ ಹೇಳುವ ಡಂಗುರದವ. ಕೇಳುವುದಕ್ಕೆ ಅರ್ಧ ಹೊತ್ತು, ಹೇಳುವುದಕ್ಕೆ ಅರ್ಧ ಹೊತ್ತು. ವೇಗ ಅಲ್ಲೇ ಅರ್ಧವಾಯಿತು. ಅದರ ಮೇಲೆ ನಾವು ಅವನನ್ನು ನಿಲ್ಲಿಸಿದ್ದು ಅವನಿಗೇ ಏನೂ ಕೇಳಿಸದ ಜಾಗದಲ್ಲಿ.

ಪರಿಹಾರ ಸರಳವಾಗಿತ್ತು: ಗೋಡೆಯ ಮೂಲಕ ಅಲೆಯನ್ನು ಕಳಿಸುವ ಹಟ ಬಿಟ್ಟು, ತಂತಿ ಎಳೆಯುವುದು. ಕೇಬಲ್ ಹುಡುಗನನ್ನು ಕರೆಸಿ ಜಗುಲಿಯ ಪೆಟ್ಟಿಗೆಯನ್ನು ನಡುಮನೆಗೆ, ಬೀರುವಿನಿಂದ ದೂರ, ತಲೆಗಿಂತ ಎತ್ತರದ ಹಲಗೆಯ ಮೇಲೆ ಇಡಿಸಿದೆವು. ಮೂವತ್ತು ವರ್ಷದಲ್ಲಿ ಜಗುಲಿಯಿಂದ ಒಳಗೆ ಬಂದ ಮೊದಲ ವಸ್ತು. ‘ಬಂದವರಿಗೆ ಪಾಸ್‌ವರ್ಡ್ ಕೊಟ್ಟರೆ ಸಿಗ್ತದೋ ಇಲ್ವೋ’ ಎಂದು ನಮ್ಮವರಿಗೆ ಚಿಂತೆ. ಜಗುಲಿಗೂ ಚೆನ್ನಾಗಿಯೇ ಸಿಗುತ್ತದೆ. ನಡುಮನೆಯಿಂದ ಅಟ್ಟದ ಮೇಲೆ, ಅಡಿಕೆ ಚೀಲಗಳ ಹಿಂದಿನಿಂದ ಲ್ಯಾನ್ ಕೇಬಲ್ ಎಳೆದು, ಬಾಣಂತಿ ಕೋಣೆಯ ಬಾಗಿಲುವಾಡದ ಮೇಲೆ ಒಂದು ತೂತು ಕೊರೆದು ಒಳಗಿಳಿಸಿದರು. ಇಲಿ ಕಡಿಯದಿರಲೆಂದು ಪ್ಲಾಸ್ಟಿಕ್ ಪೈಪಿನೊಳಗೆ. ಈ ತಂತಿ ನೂರು ಮೀಟರಿನ ತನಕ ಸೋರದೆ ಸಾಗಿಸುತ್ತದೆ. ನಮಗೆ ಬೇಕಾದದ್ದು ಮೂವತ್ತೂ ಇಲ್ಲ. ನೀವು ಹಾಕಿಸುವುದಾದರೆ ಅಸಲು ತಾಮ್ರದ್ದನ್ನೇ ಕೇಳಿ ತನ್ನಿ, ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಮ್ಮಿನದೂ ಮಾರುತ್ತಾರೆ. ತುದಿಗೆ ಅತ್ತೆಯ ತಲೆದೆಸೆಯ ಗೋಡೆಯಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆ. ಎಲ್ಲ ಸೇರಿ ಎರಡೂವರೆ ಸಾವಿರ ಮುಟ್ಟಲಿಲ್ಲ. ಪ್ಲಾನು ಮತ್ತೆ ಐವತ್ತಕ್ಕೇ ಇಳಿಯಿತು.

ಎರಡು ಪೆಟ್ಟಿಗೆಗಳನ್ನು ಒಂದು ಮನೆಯಲ್ಲಿಡುವುದು ಇಬ್ಬರು ಯಜಮಾನಿಯರನ್ನಿಟ್ಟಂತೆ. ಬಂದ ಪ್ರತಿ ಫೋನಿಗೂ ಒಂದು ನಂಬರು ಕೊಟ್ಟು ಕೂರಿಸುವ ಕೆಲಸ ಹಳೆಯದಕ್ಕೆ ಮಾತ್ರ. ಹೊಸತರಲ್ಲಿ ಆ ಅಧಿಕಾರ ಕಿತ್ತುಹಾಕಬೇಕು. ಇಲ್ಲದಿದ್ದರೆ ಇಬ್ಬರೂ ಕೊಟ್ಟು ಜಗಳ. ಇಬ್ಬರ ಹೆಸರೂ ಪಾಸ್‌ವರ್ಡೂ ಒಂದೇ ಇರಬೇಕು, ಆದರೆ ಕೂಗುವ ಚಾನೆಲ್ ಬೇರೆ. ಒಂದಕ್ಕೆ 1, ಇನ್ನೊಂದಕ್ಕೆ 11 ಎಂದು ಮಗಳು ಹಾಕಿದಳು. ಇಷ್ಟಾದರೂ ನನ್ನ ಫೋನು ಅತ್ತೆಯ ಕೋಣೆಗೆ ಹೋದ ಮೇಲೂ ನಡುಮನೆಯ ಪೆಟ್ಟಿಗೆಯನ್ನೇ ಹಿಡಿದುಕೊಂಡಿರುತ್ತಿತ್ತು, ಗಂಡನ ಮನೆಗೆ ಬಂದರೂ ತವರಿನ ಸೆರಗು ಬಿಡದ ಹುಡುಗಿಯ ಹಾಗೆ. ನಡುಮನೆಯದರ ಶಕ್ತಿಯನ್ನು ಸ್ವಲ್ಪ ತಗ್ಗಿಸಿದ ಮೇಲೆ ಸರಿಹೋಯಿತು. ಟಿ.ವಿ.ಗೆ ನೇರ ತಂತಿಯನ್ನೇ ಕೊಟ್ಟೆವು. ಕೂತಲ್ಲೇ ಕೂರುವ ವಸ್ತುವಿಗೆ ಗಾಳಿಯಲ್ಲಿ ಯಾಕೆ ಬಡಿಸಬೇಕು? ಅಂಗಳದಾಚೆ ತಾಮ್ರದ ತಂತಿ ಎಳೆಯುವುದು ಮಾತ್ರ ಬೇಡವೆಂದೆ. ಹಿಂದೆ ಯುಗಾದಿಯ ನಂತರದ ಗುಡುಗು ಮಳೆಗೆ ಟೆಲಿಫೋನ್ ತಂತಿಯಲ್ಲಿ ಸಿಡಿಲು ಬಂದು ಎರಡು ಮೋಡೆಮ್ ಸುಟ್ಟದ್ದು ನನಗೆ ಮರೆತಿಲ್ಲ. ಫೈಬರಿನ ಗಾಜಿನೆಳೆಯಲ್ಲಿ ಬರುವುದು ಬೆಳಕು, ಅದಕ್ಕೆ ಆ ಭಯವಿಲ್ಲ. ಕರೆಂಟು ಹೋದಾಗ ಎಂದು ಎರಡಕ್ಕೂ ಹನ್ನೆರಡು ವೋಲ್ಟಿನ ಪುಟ್ಟ ಯು.ಪಿ.ಎಸ್. ಇಟ್ಟಿದ್ದೇವೆ. ನಮ್ಮ ಮಳೆಗಾಲದಲ್ಲಿ ಅದಿಲ್ಲದೆ ಇದ್ಯಾವುದೂ ಇಲ್ಲ.

ಮಗಳು ಮತ್ತೆ ಸೀಮೆಸುಣ್ಣ ಹಿಡಿದು ಅತ್ತೆಯ ಮಂಚದ ಬಳಿ ಬರೆದಳು: ಮೈನಸ್ 38. ಜಗುಲಿಗೆ ಮೊದಲು ಬರುತ್ತಿದ್ದುದಕ್ಕಿಂತಲೂ ಜಾಸ್ತಿ. ಆ ಅಂಕಿಯನ್ನು ನಾನು ಎರಡು ದಿನ ಒರೆಸಲಿಲ್ಲ.

ಸಂಜೆ ದೀಪ ಹಚ್ಚಿ ಕಾಫಿ ತೆಗೆದುಕೊಂಡು ಹೋದೆ. ಅಕ್ಕತಂಗಿಯರು ಆಗಲೇ ಶುರುಮಾಡಿದ್ದರು. ದೊಡ್ಡವರ ಮುಖದ ಸುಕ್ಕು, ಮೂಗುತಿಯ ಹರಳು ಕೂಡ ಕಾಣುತ್ತಿತ್ತು. ‘ಹಲ್ಲು ಕಟ್ಟಿಸ್ಕೊಂಡ್ಯಾ ಅಕ್ಕಯ್ಯ?’ ‘ಇನ್ನು ಯಾವ ಚಕ್ಕುಲಿ ತಿನ್ನಕ್ಕೆ ಮಾರಾಯ್ತಿ!’ ಇಬ್ಬರೂ ನಕ್ಕರು. ಆಮೇಲೆ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ಅಷ್ಟೆಲ್ಲ ಹೇಳ್ದೆ, ನೀನು ಒಂದು ಮಾತೂ ಆಡ್ಲಿಲ್ಲ’ ಎಂದರು.

‘ಯಾವತ್ತೇ? ಏನು ಹೇಳ್ದೆ? ನಂಗೇನೂ ಕೇಳಿಲ್ಲಲ್ಲ.’

ಅತ್ತೆ ಫೋನಿನಿಂದ ಕಣ್ಣೆತ್ತಿ ನನ್ನ ಕಡೆ ನೋಡಿದರು. ನಾನು ಕಾಫಿಯ ಲೋಟವನ್ನು ಕಿಟಕಿಯಲ್ಲಿಟ್ಟೆ.

‘ಹೋಗ್ವಾಗ ಬಾಗಿಲು ಎಳ್ಕೊಂಡು ಹೋಗು ತಂಗಿ’ ಎಂದರು.

ಬಾಗಿಲು ಎಳೆದುಕೊಂಡು ಬಂದೆ. ಮುಕ್ಕಾಲು ಗಂಟೆಯಾದರೂ ಅವರು ಕರೆಯಲಿಲ್ಲ. ಕಾಫಿ ಆರಿಹೋಗಿರಬೇಕೆಂದು ಇನ್ನೊಂದು ಲೋಟಕ್ಕೆ ಹಾಲು ಬಿಸಿಗಿಟ್ಟೆ.